ಹೆರಿಗೆಗೆ ಹೊರಟಿದೆ

ಕುಕ್ಕರಿನ ರಬ್ಬರು ಸಡಲಾಗಿ ಹದಿನೈದು ದಿನ.
ಸೀಟಿ ಹೊಡಿಯೂದು ಬಿಟ್ಟು
ನೆಗಡಿ ಮೂಗಿನಂಗ ಬುಸುಬುಸು ಅಂತೈತಿ.
ಬ್ಯಾಳಿ ಬೇಯೂದ್ರಾಗ ಸಿಲಿಂಡರು ಹಗುರ.
ಮುದಗಲ್ಲಿನ ಮೂರೂ ಪಾತ್ರಿ ಅಂಗಡಿ ತಿರುಗಿದೆ:
“ಈ ಕಂಪನಿ ನಿಂತುಹೋತಕ್ಕ, ಕುಕ್ಕರ ಹೊಸಾದು ಒಯ್ಯಿ.”

ಫೋನು ಕನ್ನಡದಾಗ ಮಾತಾಡತೈತಿ ಅಂತ
ಮಗಳು ಏನೋ ಒತ್ತಿಕೊಟ್ಟು ಸಾಲಿಗೆ ಹೋದಳು.
ಹುಡುಕಿದೆ. ಬಂತು:
‘ಒತ್ತಡದ ಅಡುಗೆಯವರ ರಬ್ಬರ್ ಉಂಗುರ.’
ನೂರಾ ನಲವತ್ತು ಮಕ್ಕಳ ಬಿಸಿಯೂಟ ಮಾಡಾಕಿ ನಾನು,
ನನ್ನ ಸುದ್ದಿ ಇವರಿಗೆ ಯಾರು ಹೇಳಿದ್ರು?
ಕೆಳಗ: ‘ಬೆಳಕಿನ ತೂಕ. ಉಚಿತ ಗಾತ್ರ.’
ಗಾತ್ರ ಪುಕ್ಕಟ,
ರಬ್ಬರಿಗೆ ಮಾತ್ರ ನೂರಾ ಎಂಬತ್ತೊಂಬತ್ತು.

ವಿಳಾಸ ಕೇಳಿತು. ಬರದೆ:
ಕೋಟಿ ಅಗಸಿ ದಾಟಿ, ಗಿರಣಿ ಖಾದರಸಾಬರ ಸಂದಿ,
ಬೇವಿನ ಗಿಡದ ಎದುರು, ನೀಲಿ ಬಾಗಿಲು.
‘ಅಮಾನ್ಯ’ ಅಂತು.
ಗಿಡ ತೆಗದೆ. ಅಮಾನ್ಯ.
ಬಾಗಿಲ ತೆಗದೆ, ಸಂದಿ ತೆಗದೆ.
ದಂಡು ಬಂದು ಬಡದ್ರೂ ನಿಂತಿದ್ದ ಅಗಸಿ,
ಅದನ್ನೂ ಹೆಬ್ಬೆರಳಿಲೆ ಅಳಿಸಿದೆ.
ಉಳದದ್ದು ಮನಿ ನಂಬರು ಸೊನ್ನಿ,
ಐದು ಎಂಟು ನಾಕರಿಂದ ಸುರುವಾಗೋ ಆರು ಅಂಕಿ.
ಅದಕ್ಕ ಒಪ್ಪಿತು.

ಬೇಸ್ತವಾರ ಮುಂಜಾನಿ ಫೋನು ನಡಗಿತು:
‘ನಿಮ್ಮ ಪೊಟ್ಟಣ ಹೆರಿಗೆಗೆ ಹೊರಟಿದೆ.’
ಅತ್ತಿಗೆ ಓದಿ ಹೇಳಿದೆ.
ಅಡಿವೆಮ್ಮ, ಈ ಓಣಿಯಾಗ ಅರ್ಧ ಮಂದಿ ಹೊಕ್ಕಳ ಕೊಯ್ದಾಕಿ,
ಸೆರಗು ಸೊಂಟಕ್ಕ ಸಿಗಿಸಿ ಎದ್ದು ಕೂತಳು:
“ಒಬ್ಬಾಕಿನ ಹೊಂಟಾಳೋ, ಸಂಗಡ ಯಾರರ ಅದಾರೋ?”
ಚ್ಯಾಷ್ಟಿ ಮಾಡತಾಳೋ ಖರೇನ ಕೇಳತಾಳೋ,
ಆಕಿದು ತಿಳಿಯಂಗಿಲ್ಲ.

ಮಧ್ಯಾಹ್ನ ‘ಹತ್ತು ನಿಲ್ದಾಣ ದೂರ.’
ಸಂಜಿಕೂ ‘ಹತ್ತು ನಿಲ್ದಾಣ ದೂರ.’
“ಬ್ಯಾನಿ ನಿಂತಾವ,” ಅಂದಳು ಅತ್ತಿ.
ರಾತ್ರಿ ಎಂಟೂವರಿಗೆ
‘ಹೆರಿಗೆ ಯಶಸ್ವಿಯಾಗಿದೆ. ಅಭಿನಂದನೆಗಳು!’
ಬಾಗಿಲು ತೆಗದೆ. ಕರೆಂಟಿನ ಕಂಬ, ಅದರ ಬುಡಕ ನಾಯಿ.
ಅತ್ತಿ ಕಿವಿಗೊಟ್ಟು ಕೂತಿದ್ದಳು.
“ಹುಟ್ಟಿದ್ರ ಅಳಬೇಕಲ್ಲವಾ.
ಎಲ್ಲಿ ಧ್ವನಿ?”

ಸಹಾಯ ಅಂತಿತ್ತು, ಒತ್ತಿದೆ.
ಸಖಿ ಅನ್ನೋ ಹೆಸರಿನದೊಂದು ಯಂತ್ರ
‘ನಿಮ್ಮ ಬೇಸರ ನಮಗೆ ಅರ್ಥವಾಗುತ್ತದೆ’ ಅಂತು.
ಬಂದಿಲ್ಲ, ಅಂತ ಬರದೆ.
‘ನಿಮ್ಮ ಆದೇಶ ತಲುಪಿದೆ. ಬೇರೇನಾದರೂ ಬೇಕೇ?’
ಬಂದಿಲ್ಲವಾ.
‘ಸಂತೋಷ! ಈ ಸಂಭಾಷಣೆ ಮುಗಿದಿದೆ.’
ಅದರ ಬಾಯಿಗೂ ರಬ್ಬರು ಸಡಲಾಗಿರಬೇಕು.

ಐತವಾರ ಜ್ವಾಳ ಬೀಸಾಕ ಹೋದ್ರ
ಖಾದರಸಾಬರ ತಕ್ಕಡಿ ಹಿಂದ ಹಿಟ್ಟು ಮೆತಗೊಂಡು
ಮಲಗಿತ್ತು ಮೂರು ದಿನದ ಕೂಸು.
“ಲಿಂಗಸುಗೂರಿನ ಹುಡುಗ ಇಟ್ಟುಹೋದನವಾ.
ಸೊನ್ನಿ ನಂಬರಿನ ಮನಿ ಎಲ್ಲೈತ್ರಿ ಅಂತ
ಓಣಿ ತುಂಬ ಕೇಳಿ ಸಾಕಾಗಿ.”

ಮೂರು ಪದರ ಪ್ಲಾಸ್ಟಿಕ್ಕು, ಒಳಗೊಂದು ಡಬ್ಬಿ,
ಡಬ್ಬಿಗೆ ಮತ್ತ ಟೇಪು.
ಕತ್ರಿ ಸೋತಿತು, ಈಳಿಗಿ ತಂದೆ.
ಅತ್ತಿ ಉಂಗುರಕ್ಕ ಗೇಣು ಹಾಕಿದಳು,
ಮುಚ್ಚಳಕ್ಕ ಗೇಣು ಹಾಕಿದಳು.
ಎರಡು ಬೆರಳು ಸಣ್ಣದು.
“ಇದು ಬ್ಯಾರೆಯವರ ಕೂಸು.”

ಹೊಳ್ಳಿ ಕಳಸಾಕ ಕಾರಣ ಆರಿಸಬೇಕಂತ:
ಮನಸ್ಸು ಬದಲಾಯಿತು. ಬಣ್ಣ ಇಷ್ಟವಾಗಲಿಲ್ಲ.
ಬೇರೆಡೆ ಅಗ್ಗಕ್ಕೆ ಸಿಕ್ಕಿತು.
ಎರಡು ಬೆರಳಿನ ಮಾತು ಅದರಾಗಿಲ್ಲ.
ಸುಳ್ಳs ಬಣ್ಣದ ಮ್ಯಾಲ ಹಾಕಿದೆ.
‘ಕ್ಷಮಿಸಿ. ಅವಧಿ ನಿನ್ನೆ ಮುಗಿದಿದೆ.’

ಈಗ ದಿನಾ ಕೇಳತೈತಿ:
‘ನಿಮ್ಮ ಹೆರಿಗೆಯ ಅನುಭವ ಹೇಗಿತ್ತು?
ಐದರಲ್ಲಿ ಎಷ್ಟು ನಕ್ಷತ್ರ?’
ಅತ್ತಿ ಗಡಗಿ ಬಾಯಿಗೆ ತಾಟು ಮುಚ್ಚಿ
ಅಂಚಿಗೆ ನಾದಿದ ಹಿಟ್ಟು ಬಳೀತಾಳ.
ಒಳಗ ಬ್ಯಾಳಿ ಕೊತಕೊತ.
“ಆ ಹುಡುಗ ಇಂಥಾ ಬಿಸಲಾಗ ಗಾಡಿ ಹೊಡಕೊಂಡು ಬಂದಾನ,
ಅವನ ಹೆಸರಿಗೆ ಐದೂ ಕೊಡು.”
ಕೊಟ್ಟೆ.
‘ಧನ್ಯವಾದ! ಇನ್ನೊಂದು ಹೆರಿಗೆ ಬೇಕೇ?’
ಹಿಟ್ಟಿನ ಕೈ ಎತ್ತಿ ಅಡಿವೆಮ್ಮ ಅಂದಳು,
“ಆಪರೇಶನ್ ಆಗೈತಿ ಅಂತ ಹೇಳವಾ ಅದಕ್ಕ.”